ಅಜಲಿನ ಅನ್ನ

ಬೋಜ ಆ ಡೋಲನ್ನು ಮುಟ್ಟಬಾರದಿತ್ತು. ಬಡಗಿಯನ್ನು ಕಪಾಟು ಹೊಡೆಯಲು ಕರೆದಿದ್ದರು, ಹೊಡೆದು ಬರಬೇಕಿತ್ತು. ಒಮಾನಿನ ಬರ್ಕಾದಲ್ಲಿ ಏಳು ವರ್ಷ ಅವನು ಹಾಗೆಯೇ ಬದುಕಿದ್ದ. ಕೇಳಿದಷ್ಟಕ್ಕೆ ಉತ್ತರ. ಹೇಳಿದಷ್ಟಕ್ಕೆ ಕೆಲಸ. ಜಾತಿ ಯಾವುದೆಂದು ಯಾರಾದರೂ ಕೆದಕಿದರೆ, "ನಮ್ಮದು ಹೆಂಚಿನ ಕಾರ್ಖಾನೆಯ ಲೈನ್‌ಮನೆ ಮಾರಾಯ್ರೆ, ಅಲ್ಲಿ ಎಲ್ಲ ಬೆರಕೆ" ಎಂದು ನಕ್ಕು ಉಳಿ ಮಸೆಯಲು ಕೂರುತ್ತಿದ್ದ. ಬಾಯಿಯನ್ನು ಅಷ್ಟು ಬಿಗಿಯಾಗಿ ಕಟ್ಟಿಟ್ಟವನು ಕೈಯನ್ನು ಕಟ್ಟಿಡಲು ಮರೆತ.

ಅದು ತೊಂಬತ್ತೆರಡನೆಯ ಇಸವಿ. ಬರ್ಕಾದ ಮೀನು ಮಾರುಕಟ್ಟೆಯ ಹಿಂದೆ ಒಂದು ಉದ್ದನೆಯ ಕಟ್ಟಡ. ಒಂದು ಕಾಲಕ್ಕೆ ಖರ್ಜೂರದ ಮೂಟೆ ಒಟ್ಟುತ್ತಿದ್ದ ಜಾಗ. ಅಲ್ಲಿ ಬೀಬಿ ಝುವೈನಾ ಲೈಬ್ರರಿ ತೆರೆಯುತ್ತಿದ್ದರು. ಝಂಜಿಬಾರಿನಲ್ಲಿ ಹುಟ್ಟಿ, ಅಲ್ಲಿ ಕಡಿದಾಟವಾದಾಗ ಮುದಿ ತಂದೆಯ ಕೈ ಹಿಡಿದು ಓಡಿಬಂದ ಒಮಾನಿ ಹೆಂಗಸು. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾಗಿದ್ದರು. ಆಫ್ರಿಕಾದ ಪುಸ್ತಕ, ಮುಖವಾಡ, ಚಿತ್ತಾರದ ಬಟ್ಟೆ, ಕಡಲತಡಿಯ ಕರಿಯ ವಾದ್ಯಗಾರರ ಫೋಟೋ ಎಲ್ಲವನ್ನೂ ಮೂವತ್ತು ವರ್ಷ ಕೂಡಿಟ್ಟಿದ್ದರು. ಅವರ ಜೊತೆ ಪಾಠ ಹೇಳುತ್ತಿದ್ದ ಟ್ರಿನಿಡಾಡ್ ದ್ವೀಪದ ಟೀಚರೊಬ್ಬಳು ಊರಿಗೆ ಹಿಂದಿರುಗುವಾಗ ತನ್ನ ಚಿತ್ರಗಳನ್ನೂ ಕೊಟ್ಟು ಹೋಗಿದ್ದಳು. ಕಬ್ಬು ಕಡಿಯುವವರ ಚಿತ್ರ. ಬೆನ್ನ ತುಂಬ ಬಾಸುಂಡೆ ಇದ್ದವನ ಚಿತ್ರ. ಒಂದು ಗೋಡೆಯ ಮೊಳೆಯಲ್ಲಿ ಕಬ್ಬಿಣದ ಸರಪಳಿ ತೂಗುತ್ತಿತ್ತು. ಗುಲಾಮರ ಕಾಲಿಗೆ ಹಾಕುತ್ತಿದ್ದದ್ದು.

ಸರಪಳಿಯ ಕೆಳಗೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಮಬ್ರೂಕ್. ಎಪ್ಪತ್ತರ ಮುದುಕ, ಬೀಬಿಯ ಮನೆಯಲ್ಲೇ ಹುಟ್ಟಿ ಬೆಳೆದವನು. ಅವನ ಅಜ್ಜನನ್ನು ಬೀಬಿಯ ಅಜ್ಜ ಹಡಗಿನಲ್ಲಿ ತಂದಿದ್ದ. ತಂದಿದ್ದ ಎಂದರೆ ಕೊಂಡು ತಂದಿದ್ದ. ಗುಲಾಮಗಿರಿ ಮುಗಿದು ಎಷ್ಟೋ ಕಾಲವಾಗಿತ್ತು. ಆದರೂ ಬೀಬಿ ಒಳಗೆ ಕಾಲಿಟ್ಟರೆ ಮಬ್ರೂಕ್ ಏಳುತ್ತಿದ್ದ. ಅವರು ಕೂರು ಎಂದು ಹೇಳುತ್ತಿರಲಿಲ್ಲ. ಅವನೂ ಕೂರುತ್ತಿರಲಿಲ್ಲ. ಬೋಜ ಇದನ್ನು ಮೊದಲ ದಿನವೇ ನೋಡಿದ. ಇಂಥದ್ದು ಅವನ ಕಣ್ಣಿಗೆ ಬೇಗ ಬೀಳುತ್ತಿತ್ತು.

ಮೂಲೆಯಲ್ಲಿ ಒಂದು ಎಣ್ಣೆ ಡ್ರಮ್ಮಿನ ತಳ ಇತ್ತು, ಸುತ್ತಿಗೆಯಿಂದ ತಗ್ಗು ಮಾಡಿದ್ದು. ಇದೆಂಥ ಪಾತ್ರೆ ಎಂದು ಬೋಜ ಕೇಳಿದ್ದಕ್ಕೆ ಬೀಬಿ ತಮ್ಮ ಅರೆಬರೆ ಹಿಂದಿಯಲ್ಲಿ ಹೇಳಿದರು:

"ಪಾತ್ರೆ ಅಲ್ಲ, ವಾದ್ಯ. ಟ್ರಿನಿಡಾಡ್ ದ್ವೀಪದಲ್ಲಿ ಧಣಿಗಳು ಡೋಲು ಬಂದ್ ಮಾಡಿದರು. ಬಾರಿಸಿದವನಿಗೆ ಛಡಿಯೇಟು. ಜನ ಬಿದಿರು ಕುಟ್ಟಿದರು. ಬಿಸ್ಕೆಟ್ ಡಬ್ಬಿ ಬಡಿದರು. ಕೊನೆಗೆ ಎಣ್ಣೆ ಡ್ರಮ್ಮಿನಲ್ಲಿ ಸ್ವರ ತೆಗೆದರು."

ಬೋಜ ಹಲಗೆಗೆ ರಂದ ಹೊಡೆದ. ಅಲ್ಲಿ ಬಾರಿಸಿದರೆ ಹೊಡೆಯುತ್ತಿದ್ದರು. ನಮ್ಮಲ್ಲಿ ಬಾರಿಸದಿದ್ದರೆ ಹೊಡೆಯುತ್ತಿದ್ದರು.

ಹರಿದ ಡೋಲು ಇದ್ದದ್ದು ಬಾಗಿಲ ಬಳಿ. ಝಂಜಿಬಾರಿನಿಂದ ಬಂದದ್ದು. ಎದೆಯೆತ್ತರದ ಮರದ ಹೊಟ್ಟೆ, ಮೇಲಿನ ಚರ್ಮ ಸೀಳಿ ನೇತಾಡುತ್ತಿತ್ತು. "ಮಸ್ಕತ್ತಿನಲ್ಲಿ ಯಾರಿಗೂ ಇದನ್ನು ರಿಪೇರಿ ಮಾಡಲು ಬರುವುದಿಲ್ಲ" ಎಂದು ಬೀಬಿ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಬೋಜನ ಬಾಯಿಂದ ಮಾತು ಬಿತ್ತು.

"ನಾನು ಮಾಡ್ತೇನೆ."

ಕೆಲಸ ಮುಗಿದ ಮೇಲೆ ನಾಲ್ಕು ಸಂಜೆ ಅದರ ಮುಂದೆ ಕೂತ. ಕಸಾಯಿಯಿಂದ ಹಸಿ ಆಡಿನ ಚರ್ಮ ತಂದ. ಸುಣ್ಣದ ನೀರಿನಲ್ಲಿ ನೆನೆಹಾಕಿ, ಮಂಡಿಯ ಮೇಲೆ ಎಳೆದುಕೊಂಡು ಕೂದಲು ಕೆರೆದ. ಉಗುರಿನ ಸಂದಿಗೆ ಸುಣ್ಣ ಹೊಕ್ಕು ಬೆರಳು ಬಿರಿದವು. ಚರ್ಮ ಬಿಗಿಯುವ ಬಳೆ ಕಟ್ಟಲು ಊರಿನ ಕಾಡುಬಳ್ಳಿ ಇಲ್ಲಿ ಇರಲಿಲ್ಲ. ಖರ್ಜೂರದ ಗರಿಯ ದಂಟನ್ನು ಸೀಳಿ, ನೀರಿನಲ್ಲಿಟ್ಟು, ಬಗ್ಗಿಸಿ ಬಳೆ ಮಾಡಿದ. ಹಗ್ಗವನ್ನು ಒಂದು ಬಿಟ್ಟು ಒಂದು ಹಾಯಿಸಿ, ಪಾದವನ್ನು ಡೋಲಿನ ಹೊಟ್ಟೆಗೆ ಒತ್ತಿ, ಹಲ್ಲು ಕಚ್ಚಿ ಎಳೆದ. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಕೊಪ್ಪದಲ್ಲಿ ಅಪ್ಪ ಎಳೆಯುತ್ತಿದ್ದದ್ದನ್ನು ನೋಡಿದ್ದ. ತುಳುನಾಡಿನಲ್ಲಿ ಕೊರಗರ ಗುಡಿಸಲುಗಳಿಗೆ ಊರವರು ಕೊಪ್ಪ ಎನ್ನುತ್ತಿದ್ದರು. ಊರು ಮುಗಿದ ಮೇಲೆ, ಸುಡುಗಾಡಿನ ಈಚೆ.

ಗುರುವಾರ ಸಂಜೆ ಲೈಬ್ರರಿ ತೆರೆಯಿತು. ಜನ ಬಂದರು. ಹಲ್ವಾ, ಕಾಫಿ ಬಂತು. ಬೋಜ ಸೊಪ್ಪು ಸದೆಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿದ. "ಒಂದು ಪೆಟ್ಟು ಹೊಡೆದು ತೋರಿಸು, ಯಲ್ಲಾ!" ಎಂದರು ಬೀಬಿ.

ಒಂದು ಪೆಟ್ಟು ಅವನು ಹೊಡೆದ. ಎರಡನೆಯದನ್ನು ಕೈಯೇ ಹೊಡೆಯಿತು.

ಆಮೇಲೆ ಅವನು ನಿಲ್ಲಿಸಲಿಲ್ಲ. ಡೋಂ ಡಿಕ್ಕ ಡಿಕ್ಕ, ಡೋಂ ಡಿಕ್ಕ ಡಿಕ್ಕ. ಅಜ್ಜಿ ಪಾಡ್ದನ ಹೇಳುವಾಗ ಸಾಲಿನ ಕೊನೆಗೆ ಅಪ್ಪ ಕೊಡುತ್ತಿದ್ದ ಪೆಟ್ಟು. ಅಜ್ಜಿ ಒಂದು ಸಾಲು ಹೇಳುವಳು, ಡೋಲು ಅದನ್ನೇ ತಿರುಗಿ ಹೇಳುವುದು. ಓದು ಬರದ ಕೊಪ್ಪಕ್ಕೆ ಇದ್ದ ಒಂದೇ ಪುಸ್ತಕ ಅದು. ಮಬ್ರೂಕ್ ಸ್ಟೂಲಿನಿಂದ ಎದ್ದ. ಬೀಬಿ ಬಂದರೆಂದು ಎದ್ದದ್ದಲ್ಲ. ಎದ್ದು, ಒಣಕಲು ಹೆಗಲು ಕುಣಿಸಿ, ಅಂಗೈ ತಟ್ಟಿ ಪೆಟ್ಟಿನೊಳಗೆ ಪೆಟ್ಟು ಸೇರಿಸಿದ. ಬೋಜ ನಕ್ಕ. ಏಳು ವರ್ಷದಲ್ಲಿ ಅವನು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಆಗ ಬಾಗಿಲಲ್ಲಿ ಪೂವಪ್ಪ ನಿಂತಿದ್ದ. ಬೋಜ ಕೆಲಸ ಮಾಡುವ, ಸಂಕಪ್ಪನ ಮರದ ವರ್ಕ್‌ಶಾಪಿನ ಫೋರ್‌ಮನ್. ಬಾಡಿಗೆ ಕುರ್ಚಿ ಇಳಿಸಲು ಪಿಕಪ್ ತಂದಿದ್ದ.

"ಭಾರೀ ಬಾರಿಸ್ತಿ ಮಾರಾಯ" ಎಂದ. "ಎಲ್ಲಿ ಕಲ್ತದ್ದು?"

"ಹೀಗೇ" ಎಂದ ಬೋಜ. ಕೈ ನಿಂತಿತ್ತು.

"ಹೀಗೇ ಬರ್ತದಾ ಅದು? ಕಂಬಳದ ಮುಂಚಿನ ದಿನ ನಮ್ಮ ಗದ್ದೆ ಬದಿಯಲ್ಲಿ ಕೂತು ಬಾರಿಸುವವರ ಪೆಟ್ಟು ಇದು. ಅವರಿಗೆ ಬಿಟ್ಟರೆ ಬೇರೆಯವರಿಗೆ ಬರ್ಲಿಕ್ಕಿಲ್ಲ." ಪೂವಪ್ಪ ಅವನ ಸುಣ್ಣ ತಿಂದ ಬೆರಳು ನೋಡಿದ, ಡೋಲಿನ ಬಳೆ ನೋಡಿದ. "ಲೈನ್‌ಮನೆಯಂತೆ, ಲೈನ್‌ಮನೆ!" ಎಂದು ನಗುತ್ತ ಹೋದ.

ಶುಕ್ರವಾರ ವರ್ಕ್‌ಶಾಪಿಗೆ ರಜೆ. ಅವತ್ತು ಮಧ್ಯಾಹ್ನ ಸಂಕಪ್ಪನ ಮನೆಯಲ್ಲೇ ಕೆಲಸದವರಿಗೆ ಊಟ. ಸಂಕಪ್ಪ ಊರಿನಲ್ಲಿ ಗುತ್ತಿನ ಮನೆಯವನು, ಹಳೆಯ ಜಮೀನ್ದಾರರ ವಂಶ. ಕೆಲಸದವರಿಗೆ ಉಣ್ಣಿಸುವುದು ಗುತ್ತಿನ ಗತ್ತು. ಹೆಂಡತಿ ದಮಯಂತಿ ಕೋಳಿಸಾರು, ರೊಟ್ಟಿ ಮಾಡಿ ಹಾಲ್‌ನಲ್ಲಿ ಸಾಲಾಗಿ ಕೂರಿಸಿ ಬಡಿಸುತ್ತಿದ್ದಳು. "ಬೋಜಣ್ಣ, ಇನ್ನೊಂದು ತುಂಡು ಹಾಕಿಕೊಳ್ಳಿ" ಎನ್ನುತ್ತಿದ್ದಳು. ನಾಲ್ಕು ವರ್ಷದ ಮಗಳು ಉಮಿ ಬಂದು ಬೋಜನ ಬೆನ್ನಿಗೆ ಜೋತು ಬೀಳುತ್ತಿತ್ತು. "ಬೋಜಮಾಮ, ಆನೆ ಕೊಡು." ಮರದ ತುಂಡಿನಲ್ಲಿ ಅವನು ಅದಕ್ಕೆ ಆನೆ, ಹಸು, ನಾಯಿ ಕೆತ್ತಿ ಕೊಟ್ಟಿದ್ದ.

ಎರಡು ತಿಂಗಳಿಂದ ಉಮಿಗೆ ಫಿಟ್ಸ್ ಬರುತ್ತಿತ್ತು. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಬಿಲ್ಲಿನ ಹಾಗೆ ಬಾಗುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು, ಮಸ್ಕತ್ತಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಪರೀಕ್ಷೆ ಮಾಡಿಸಿ ಎಂದಿದ್ದರು. ಸಂಕಪ್ಪ ನಾಳೆ, ನಾಡಿದ್ದು ಎನ್ನುತ್ತಿದ್ದ.

ಆ ಶುಕ್ರವಾರ ಹಾಲ್‌ನ ಸಾಲಿನಲ್ಲಿ ಒಂದು ತಟ್ಟೆ ಕಡಿಮೆ ಇತ್ತು. ಪಾಲಿಶ್ ಕೆಲಸದ ವಿಕ್ಟರ್ ತನ್ನ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಒಂದೇ ಕೋಣೆಯಲ್ಲಿ ಐದು ವರ್ಷ ಬೋಜನ ಪಕ್ಕದ ಮಂಚದಲ್ಲಿ ಮಲಗಿದವನು ಅವನು.

ದಮಯಂತಿ ಅಡುಗೆಮನೆಯ ಬಾಗಿಲಿನಿಂದ ಹೇಳಿದಳು.

"ನೀನು ಹಿಂದಿನ ಬಾಗಿಲಿಗೆ ಬಾ."

ನೀವು ಹೋಗಿ ನೀನು ಆಗಲು ಒಂದು ಡೋಲಿನ ಪೆಟ್ಟು ಸಾಕಾಯಿತು.

ಹಿತ್ತಲಲ್ಲಿ ಸಂಕಪ್ಪ ಕುರ್ಚಿ ಹಾಕಿ ಕೂತಿದ್ದ. ಪೂವಪ್ಪ ಗೋಡೆಗೆ ಒರಗಿ ನಿಂತಿದ್ದ. ನೆಲದಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ. ತಟ್ಟೆಯಲ್ಲಿ ಬಿಳಿ ಅನ್ನ. ಬೋಜ ಅನ್ನವನ್ನು ಒಮ್ಮೆ ನೋಡಿದ. ಆಮೇಲೆ ನೋಡಬೇಕಾಗಿರಲಿಲ್ಲ. ಅನ್ನದೊಳಗೆ ಕಪ್ಪು ಎಳೆಗಳಿದ್ದವು.

"ಕೂತುಕೋ" ಎಂದ ಸಂಕಪ್ಪ. ಬೈಯುವ ದನಿಯಲ್ಲ, ಉಪಕಾರ ಕೇಳುವ ದನಿಯೂ ಅಲ್ಲ. "ಊರಿಂದ ಅಮ್ಮ ಫೋನ್ ಮಾಡಿದ್ದಾರೆ. ಜೋಯಿಸರು ಕವಡೆ ಹಾಕಿ ಬಲ್ಮೆ ನೋಡಿ ಅಜಲು ಕೊಡಿಸಿ ಅಂದರಂತೆ. ಒಮಾನಿನಲ್ಲಿ ಕೊರಗರನ್ನು ಎಲ್ಲಿಂದ ತರುವುದು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ನೋಡು, ದೇವರು ನನ್ನ ವರ್ಕ್‌ಶಾಪಿನಲ್ಲೇ ಇಟ್ಟಿದ್ದಾನೆ."

"ಸಂಕಪ್ಪಣ್ಣ..."

"ಸುಳ್ಳು ಹೇಳಿ ನನ್ನ ಹಾಲ್‌ನಲ್ಲಿ ಕೂತು ಉಂಡಿದ್ದಿ. ಅದನ್ನು ನಾನು ಕೇಳುವುದಿಲ್ಲ. ಹೊಟ್ಟೆಗೆ ಹಾಕಿಕೊಂಡೆ. ನೀನು ಇದೊಂದು ನಾಲ್ಕು ತುತ್ತು ಹೊಟ್ಟೆಗೆ ಹಾಕಿಕೋ. ಲೆಕ್ಕ ಸಮ ಆಯ್ತು."

ಅಜಲು ಎಂದರೆ ಇಷ್ಟೆ. ದೊಡ್ಡ ಮನೆಯಲ್ಲಿ ಮಗುವಿಗೆ ಕಾಯಿಲೆ ಬಂದರೆ, ಬಸುರಿಗೆ ಗಂಡಾಂತರವಿದ್ದರೆ, ಅವರ ಕೂದಲು ಮತ್ತು ಉಗುರು ಕತ್ತರಿಸಿ ಅನ್ನದಲ್ಲಿ ಕಲಸುವುದು. ಕೊರಗನನ್ನು ಕರೆದು ತಿನ್ನಿಸುವುದು. ತಿಂದವನ ಮೈಗೆ ಕಾಯಿಲೆ ಹೋಗುತ್ತದೆ. ಹೋದರೆ ಹೋಗಲಿ. ಅವನು ಕೊರಗ.

ಬೋಜನ ಅವ್ವ ತಿಂದಿದ್ದಳು. ಅವನಿಗೆ ಆಗ ಏಳು ವರ್ಷ. ಒಂದು ಗುತ್ತಿನ ಮನೆಯ ಅಂಗಳದ ಹೊರಗೆ, ಗೊಬ್ಬರದ ಗುಂಡಿಯ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು ತಿಂದಳು. ಒಂದು ಉಗುರು ಗಂಟಲಿಗೆ ಸಿಕ್ಕಿತು. ಕೆಮ್ಮಿದಳು. ಕೆಮ್ಮಿದಾಗ ಎರಡು ಅಗುಳು ಹೊರಗೆ ಬಿತ್ತು. ತಿಂಗಳ ಮೇಲೆ ಆ ಮನೆಯ ಬಸುರಿಗೆ ಸತ್ತ ಮಗು ಹುಟ್ಟಿತು. ಕೊರಗತಿ ಉಗುಳಿದ್ದಕ್ಕೇ ಹೀಗಾಯಿತು ಎಂದರು. ಅಪ್ಪನನ್ನು ತೆಂಗಿನ ಮರಕ್ಕೆ ಕಟ್ಟಿದರು. ತೆಂಗಿನ ಮಡಲಿನಲ್ಲಿ ಹೊಡೆದರು. ಮಡಲು ಮುರಿದರೆ ಇನ್ನೊಂದು ತಂದರು. ಅಪ್ಪನ ಎಡಗಣ್ಣು ಆಮೇಲೆ ಬೆಳಕು ಕಾಣಲಿಲ್ಲ. ಅವ್ವ ಸಾಯುವ ತನಕ ಬಿಳಿ ಅನ್ನ ಉಣ್ಣಲಿಲ್ಲ. ಗಂಜಿ ಸೋಸಿ ಕುಡಿಯುತ್ತಿದ್ದಳು.

"ಆಗುವುದಿಲ್ಲ" ಎಂದ ಬೋಜ.

ದಮಯಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅಳುತ್ತಿದ್ದಳು. ಉಮಿಯ ನೆತ್ತಿಯಲ್ಲಿ ಕತ್ತರಿ ಆಡಿದ ಗುರುತು ಇತ್ತು. ಮಾತ್ರೆಯ ಅಮಲಿನಲ್ಲಿ ಮಗುವಿನ ಬಾಯಿಂದ ಜೊಲ್ಲು ಇಳಿಯುತ್ತಿತ್ತು.

"ನೋಡು, ನಿನ್ನ ಹಿಂದೆಯೇ ಓಡಾಡಿದ ಮಗು ಇದು. ಕೊರಗಜ್ಜನಿಗೆ ಚಕ್ಕುಲಿ ವೀಳ್ಯ ಹೇಳಿಕೊಂಡಿದ್ದೇನೆ. ಇದೊಂದು ಮಾಡು. ನಿನ್ನ ಕಾಲು ಹಿಡಿಯುತ್ತೇನೆ."

ಬಗ್ಗಿದಳು. ಕೈ ಚಾಚಿದಳು. ಬೋಜನ ಪಾದದಿಂದ ಒಂದು ಗೇಣು ದೂರದಲ್ಲಿ ಅವಳ ಕೈ ನಿಂತಿತು. ಮುಟ್ಟಲಿಲ್ಲ.

ಬೋಜ ಆ ಒಂದು ಗೇಣನ್ನು ನೋಡಿದ. ಮಗುವಿನ ಪ್ರಾಣ ಹೋಗುತ್ತದೆಂದು ಅಳುವ ತಾಯಿಯ ಕೈಗೂ ದಾಟಲಾಗದ ಗೇಣು. ಕೊರಗಜ್ಜ ಅವನ ಕುಲದ ಅಜ್ಜ. ಕಲ್ಲಾದ ಕೊರಗನಿಗೆ ಇವರು ಕೈ ಮುಗಿಯುತ್ತಾರೆ. ಉಸಿರಾಡುವ ಕೊರಗನಿಗೆ ಉಗುರು ತಿನ್ನಿಸುತ್ತಾರೆ.

"ಅಕ್ಕ, ಮಗುವನ್ನು ಈಗಲೇ ಮಸ್ಕತ್ತಿಗೆ ಕರಕೊಂಡು ಹೋಗಿ" ಎಂದ. "ರಕ್ತ ಬೇಕಾ, ಕೊಡ್ತೇನೆ. ಹೊತ್ತುಕೊಂಡು ಓಡಬೇಕಾ, ಓಡ್ತೇನೆ. ಇದನ್ನು ಮಾತ್ರ ತಿನ್ನುವುದಿಲ್ಲ."

ಸಂಕಪ್ಪ ಕುರ್ಚಿಯಿಂದ ಎದ್ದ.

"ನಿನ್ನ ಪಾಸ್‌ಪೋರ್ಟ್ ನನ್ನ ಮೇಜಿನಲ್ಲಿ ಉಂಟು. ಓಡಿಹೋದ ಅಂತ ಕಾಗದ ಕೊಟ್ಟರೆ ವೀಸಾ ಕೊಟ್ಟ ಕಫೀಲ್ ಕಣ್ಣು ಮುಚ್ಚಿ ಸಹಿ ಹಾಕ್ತಾನೆ. ಖಲಾಸ್. ಜೈಲಿನಲ್ಲಿ ಕೊಳೀತಿ."

"ಕೊಳೆಯುತ್ತೇನೆ."

"ಎಂತ ಹೇಳಿದೆ?"

"ಕೊಳೆಯುತ್ತೇನೆ ಅಂದೆ. ತಿನ್ನುವುದಿಲ್ಲ."

ಪೂವಪ್ಪನ ಕೈಯಲ್ಲಿ ಮರದ ರೀಪು ಇತ್ತು. ಬೋಜನೇ ಸೀಳಿದ ತೇಗದ ರೀಪು. ಅದು ಅವನ ಕಿವಿಗೆ ಬಿತ್ತು. ಕಿವಿಯ ತುದಿ ಹರಿಯಿತು. ಎರಡನೆಯದು ಮೊಣಕೈಗೆ ಬಿತ್ತು. "ನಾಲ್ಕು ತುತ್ತು ತಿನ್ಲಿಕ್ಕೆ ಏನು ದಾಡಿ ನಿನಗೆ? ನಿನ್ನಪ್ಪ ತಿಂದಿಲ್ಲವಾ? ನಿನ್ನಜ್ಜ ತಿಂದಿಲ್ಲವಾ?" ಮೂರನೆಯದು ಬೀಳುವ ಮೊದಲು ಬೋಜ ಹಿತ್ತಲ ಗೋಡೆ ಹಾರಿದ. ಕೈಗೆ ಗಾಜಿನ ಚೂರು ಚುಚ್ಚಿತು. ಓಡಿದ.

ಓಡಲು ಅವನಿಗೆ ಬರ್ಕಾದಲ್ಲಿ ಒಂದೇ ಜಾಗವಿತ್ತು.

ಲೈಬ್ರರಿಯ ಬಾಗಿಲು ತೆರೆದಿತ್ತು. ಇಳಿಹೊತ್ತಿನ ಅಸರ್ ಬಾಂಗು ಆಗಿ ಮುಗಿದಿತ್ತು. ನಾಲ್ಕೈದು ಮಕ್ಕಳು ಚಾಪೆಯ ಮೇಲೆ ಚಿತ್ರದ ಪುಸ್ತಕ ನೋಡುತ್ತಿದ್ದರು. ಬೀಬಿ ಮೇಜಿನಲ್ಲಿ ಕಾರ್ಡು ಬರೆಯುತ್ತಿದ್ದರು. ರಕ್ತ ಸುರಿಸುತ್ತ ಬಂದವನನ್ನು ಕಂಡು ಮಕ್ಕಳು ಕಿರುಚಿ ಹೊರಗೆ ಓಡಿದರು.

"ಯಾರು ಹೊಡೆದರು? ಯಾಕೆ?"

ಬೋಜ ಕಿವಿಯ ರಕ್ತ ಒರೆಸಿಕೊಂಡ. ಹಿಂದಿಯಲ್ಲಿ ಏನೆಂದು ಹೇಳುವುದು? ಹೇಳಬೇಕಾದರೆ ಮೊದಲು ತಾನು ಯಾರೆಂದು ಹೇಳಬೇಕು.

ಹೊರಗೆ ಪಿಕಪ್ ನಿಂತಿತು. ಪೂವಪ್ಪ ಬಂದ, ವಿಕ್ಟರ್ ಬಂದ. ಕೊನೆಗೆ ಸಂಕಪ್ಪ ಬಂದ. ಸಂಕಪ್ಪನ ಕೈಯಲ್ಲಿ ತಟ್ಟೆ ಇತ್ತು. ಹೊತ್ತು ಮುಳುಗುವ ಮೊದಲು ಆಗಬೇಕು ಎಂದಿದ್ದರಂತೆ ಜೋಯಿಸರು. ಅನ್ನ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಿದ್ದ, ದೇವಸ್ಥಾನದಿಂದ ಪ್ರಸಾದ ತರುವವನ ಹಾಗೆ.

"ಬೀಬಿ, ಮಾಫ್ ಮಾಡಿ. ಇದು ನಮ್ಮೊಳಗಿನ ವಿಷಯ" ಎಂದ ಅರಬಿಯಲ್ಲಿ.

ಬೀಬಿ ಬೋಜನನ್ನು ನೋಡಿದರು, ಸಂಕಪ್ಪನನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಹೋದರು. "ಹೊರಗೆ ಕರೆದುಕೊಂಡು ಹೋಗಿ. ನನ್ನ ಸಾಮಾನು ಒಡೆಯುತ್ತದೆ" ಎಂದರು.

ಬೋಜ ಡೋಲನ್ನು ಅವುಚಿಕೊಂಡ. ಪೂವಪ್ಪ ಅವನ ಹೊಟ್ಟೆಗೆ ಒದ್ದ. ಒದೆ ತಪ್ಪಿ ಡೋಲಿಗೆ ಬಿತ್ತು. ನಾಲ್ಕು ಸಂಜೆಯ ಚರ್ಮ ಒಂದು ಬೂಟಿಗೆ ಸೀಳಿತು. ಇನ್ನೊಂದು ಒದೆ ಪಕ್ಕೆಲುಬಿಗೆ ಬಿತ್ತು. ಬೋಜ ಕಪಾಟಿಗೆ ಹಾರಿ ಬಿದ್ದ. ಮುಖವಾಡಗಳು ಉದುರಿದವು. ಪುಸ್ತಕಗಳು ತಲೆಯ ಮೇಲೆ ಬಿದ್ದವು. ವಿಕ್ಟರ್ ಅವನ ಕಾಲಿನ ಮೇಲೆ ಕೂತ.

"ತಿಂದುಬಿಡು ಬೋಜ" ಎಂದ ವಿಕ್ಟರ್. ಅವನೂ ಅಳುತ್ತಿದ್ದ. "ನಾಲ್ಕು ತುತ್ತು ಮಾರಾಯ. ಕಣ್ಣು ಮುಚ್ಚಿ ನುಂಗು. ನಾನು ಯಾರಿಗೂ ಹೇಳುವುದಿಲ್ಲ, ಮೇರಿಯಮ್ಮನ ಆಣೆ."

ಪೂವಪ್ಪ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಒತ್ತಿದ. ಮೂಗು ಮುಚ್ಚಿದ. ಉಸಿರಿಗೆ ಬಾಯಿ ತೆರೆಯಬೇಕಾಯಿತು. ತೆರೆದ ಬಾಯಿಗೆ ಸಂಕಪ್ಪ ಅನ್ನ ತುರುಕಿದ. "ದೇವರೇ, ನನ್ನ ಮಗಳು ಬದುಕಲಿ" ಎಂದ. ದೇವರ ಹೆಸರು ಹೇಳಿ ತುರುಕುವವನ ಕೈಗೆ ಬಲ ಜಾಸ್ತಿ. ಕೂದಲು ನಾಲಿಗೆಗೆ ಸುತ್ತಿಕೊಂಡಿತು. ಉಗುರು ಹಲ್ಲಿಗೆ ತಾಗಿ ಕಟ್ ಎಂದಿತು.

ಅವ್ವ ಕಣ್ಣು ಮುಚ್ಚಿದ್ದಳು. ಬೋಜ ಮುಚ್ಚಲಿಲ್ಲ.

ಹಲ್ಲು ಕಚ್ಚಿದ. ಹಲ್ಲಿನ ನಡುವೆ ಸಂಕಪ್ಪನ ಎರಡು ಬೆರಳು ಇದ್ದವು. ಮೂಳೆ ಸಿಗುವ ತನಕ ಕಚ್ಚಿದ. ಸಂಕಪ್ಪ ಹಂದಿಯ ಹಾಗೆ ಕೂಗಿದ. ಪೂವಪ್ಪ ರೀಪು ಎತ್ತಿದ. ಅದು ಕೆಳಗೆ ಬರಲಿಲ್ಲ.

ಮಸೀದಿಯಿಂದ ಬಂದ ಮಬ್ರೂಕ್ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದ. ಬಗ್ಗಿದವನು ನೆಟ್ಟಗಾದ. ಎರಡು ಹೆಜ್ಜೆ ನಡೆದು, ಗೋಡೆಯ ಮೊಳೆಯಿಂದ ಸರಪಳಿ ತೆಗೆದ. ಬೀಸಿದ. ಪೂವಪ್ಪನ ಹೆಗಲ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಮಬ್ರೂಕ್!" ಬೀಬಿ ಚೀರಿದರು. "ಅದನ್ನು ಕೆಳಗಿಡು! ಹೇಳುತ್ತಿದ್ದೇನೆ, ಕೆಳಗಿಡು!"

ಎಪ್ಪತ್ತು ವರ್ಷ ಆ ಮನೆಯ ಮಾತು ಕೇಳಿದ ಮುದುಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ಸರಪಳಿಯನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ವಿಕ್ಟರ್ ಬೋಜನ ಕಾಲು ಬಿಟ್ಟು ಗೋಡೆಗೆ ಆತುಕೊಂಡ.

ಬೋಜ ಎದ್ದ. ಬಾಯಿಯಲ್ಲಿದ್ದದ್ದನ್ನು ಉಗುಳಿದ. ತಟ್ಟೆ ಮಗುಚಿ ಬಿದ್ದಿತ್ತು. ನೆಲದ ಅನ್ನವನ್ನು ಎರಡೂ ಕೈಯಲ್ಲಿ ಬಾಚಿದ. ಸಂಕಪ್ಪ ಬೆರಳು ಹಿಡಿದುಕೊಂಡು ಮಂಡಿಯೂರಿದ್ದ. ಬೋಜ ಅವನ ಎದೆಗೆ ಮಂಡಿ ಕೊಟ್ಟು ಕೆಡವಿದ.

"ಮಗಳು ಯಾರದ್ದು?"

"ಬೇಡ ಬೋಜ... ಬೇಡ ಮಾರಾಯ..."

"ಮಗಳು ಯಾರದ್ದು ಅಂತ ಕೇಳಿದೆ."

"ನನ್ನದು."

"ಹಾಗಾದರೆ ನೀನು ತಿನ್ನು."

ಬಲಗೈಯ ಅನ್ನವನ್ನು ಅವನ ಬಾಯಿಗೆ ಹಾಕಿದ. ಅಂಗೈಯಿಂದ ಬಾಯಿ ಮುಚ್ಚಿದ. ಸಂಕಪ್ಪನ ಕಣ್ಣು ಹೊರಗೆ ಬಂತು. ಕಾಲು ಬಡಿದ. ಬೋಜ ಕೈ ತೆಗೆಯಲಿಲ್ಲ. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ನೋಡಿದ. ಇನ್ನೊಮ್ಮೆ ಇಳಿಯುವುದನ್ನೂ ನೋಡಿದ. ಆಮೇಲೆ ಕೈ ತೆಗೆದ.

ಭಾರತದವರ ಜಗಳ ಭಾರತದವರೊಳಗೇ ಮುಗಿಯುವುದು ಬರ್ಕಾದ ರೂಢಿ. ಆದರೆ ಇದು ನಡೆದದ್ದು ಒಮಾನಿ ಹೆಂಗಸಿನ ಜಾಗದಲ್ಲಿ. ಒಡೆದದ್ದು ಅವರ ಸಾಮಾನು. ಪೊಲೀಸರು ಬಂದರು.

ಠಾಣೆಯಲ್ಲಿ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಪೂವಪ್ಪನನ್ನು ಮಾತ್ರ ಆಸ್ಪತ್ರೆಗೆ ಸಾಗಿಸಿದ್ದರು. ಮಬ್ರೂಕ್ ಕೂರದೆ ಮೂಲೆಯಲ್ಲಿ ನಿಂತಿದ್ದ. ಅಲ್ಲಿ ಬೀಬಿಯೂ ಇದ್ದರು. ಯಾರೂ ಹೇಳದೆ, ಅವನು ಹೋಗಿ ಬೆಂಚಿನ ತುದಿಯಲ್ಲಿ ಕೂತ. ಬೀಬಿ ನೋಡಿದರು, ಮುಖ ತಿರುಗಿಸಿದರು.

ಭಾಷೆ ತಿರುಗಿಸಲು ಹಸೈನಾರ್ ಬ್ಯಾರಿಯನ್ನು ಕರೆಸಿದರು. ಠಾಣೆಯ ಎದುರು ಚಾದ ಅಂಗಡಿ ಇಟ್ಟವನು, ಊರು ಬಂಟ್ವಾಳದ ಕಡೆ. ಬಂದವನೇ ಸಂಕಪ್ಪನಿಗೆ ಹೇಳಿದ:

"ನಿಮ್ಮ ಹೆಂಗಸು ನನ್ನ ಅಳಿಯನ ಟ್ಯಾಕ್ಸಿಯಲ್ಲಿ ಮಗುವನ್ನು ಮಸ್ಕತ್ತಿಗೆ ಕೊಂಡುಹೋಗಿದ್ದಾರೆ. ನಿಮ್ಮನ್ನು ಕಾದು ಕಾದು ಸಾಕಾಯ್ತಂತೆ. ನೀವು ಇಲ್ಲಿ ಎಂತ ಮಾಡ್ತಿದ್ದೀರಿ ಸಂಕಪ್ಪಣ್ಣ?"

ಸಂಕಪ್ಪ ಬೆರಳಿಗೆ ಬಟ್ಟೆ ಸುತ್ತಿದ್ದ. ಆಗಾಗ ಓಕರಿಸುತ್ತಿದ್ದ.

ಅಧಿಕಾರಿ ಕೇಳಿದ, ಜಗಳ ಯಾಕೆ? ಸಂಕಪ್ಪ ಅರಬಿಯಲ್ಲೇ ಹೇಳಿದ. ಕೆಲಸದವನು ಕುಡಿದಿದ್ದ, ಕಳ್ಳತನ ಮಾಡಿದ್ದ, ಬುದ್ಧಿ ಹೇಳಲು ಹೋದ ಧಣಿಯನ್ನೇ ಕಚ್ಚಿದ.

"ನೆಲದಲ್ಲಿ ಅನ್ನ ಬಿದ್ದಿತ್ತಂತೆ. ಅದೇನು?"

"ಸಾದಾ ಅನ್ನ. ಊಟ ಮಾಡಿಲ್ಲ ಅಂತ ಕೊಂಡುಹೋಗಿದ್ದೆ. ನನ್ನ ಕೆಲಸದವನಲ್ಲವಾ."

ಅಧಿಕಾರಿ ಬೋಜನ ಕಡೆ ತಿರುಗಿದ. ಸಂಕಪ್ಪ ತಲೆ ಬಗ್ಗಿಸಿ, ತುಟಿ ಅಲ್ಲಾಡದ ಹಾಗೆ ಮಾತಾಡಿದ.

"ಬೋಜ, ಕೇಳು. ಇಲ್ಲಿ ಮಾಟ ಅಂದರೆ ತಲೆ ಹೋಗುವ ಕೇಸು. ನನ್ನ ಮನೆ ಮುಳುಗುತ್ತದೆ. ಹೌದು ಕುಡಿದಿದ್ದೆ ಅಂತ ಹೇಳು. ಇವತ್ತೇ ಪಾಸ್‌ಪೋರ್ಟ್ ಕೊಡ್ತೇನೆ, ಟಿಕೆಟ್ ಮಾಡಿಸ್ತೇನೆ. ನೀನು ಯಾರು ಅಂತ ಒಂದು ಪಿಳ್ಳೆಗೂ ಗೊತ್ತಾಗುವುದಿಲ್ಲ. ದುಬೈಗೆ ಹೋಗು, ಬಹರೈನಿಗೆ ಹೋಗು, ಲೈನ್‌ಮನೆಯವನಾಗಿಯೇ ಇರು. ಬಾಯಿಬಿಟ್ಟೆಯೋ, ಇಡೀ ಗಲ್ಫಿನಲ್ಲಿ ನಮ್ಮೂರವರ ಒಂದು ಪಂಕ್ತಿಯಲ್ಲಿ ನಿನಗೆ ಎಲೆ ಹಾಕುವವರಿಲ್ಲ. ಯೋಚಿಸು."

ಬೋಜ ಯೋಚಿಸಿದ. ಏಳು ವರ್ಷದ ಪಂಕ್ತಿ ನೆನಪಾಯಿತು. ಪ್ರತಿ ಶುಕ್ರವಾರದ ಸ್ಟೀಲಿನ ತಟ್ಟೆ. ಒಂದು ತುತ್ತನ್ನೂ ಅವನು ಹೆದರದೆ ಉಂಡಿರಲಿಲ್ಲ.

ಅವನ ಎಡಗೈ ಲೈಬ್ರರಿಯಿಂದಲೂ ಮುಷ್ಟಿಯಾಗಿಯೇ ಇತ್ತು. ರಕ್ತ ಒಣಗಿ ಬೆರಳಿಗೆ ಬೆರಳು ಅಂಟಿತ್ತು. ಕೈ ಮುರಿದಿದೆ ಎಂದೇ ಪೊಲೀಸರು ಅಂದುಕೊಂಡಿದ್ದರು. ಅವನು ಎದ್ದು ಅಧಿಕಾರಿಯ ಮೇಜಿನ ಹತ್ತಿರ ಹೋದ. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೋವಿಗೆ ಮುಖ ಹಿಂಡಿತು. ಮೇಜಿನ ಬಿಳಿ ಕಾಗದದ ಮೇಲೆ ಒಂದು ಹಿಡಿ ಅನ್ನ ಬಿತ್ತು. ಕೆಂಪಾಗಿತ್ತು. ಕೂದಲು ಇತ್ತು.

"ಇದನ್ನು ತಿನ್ನು ಅಂದರು" ಎಂದ. "ನಾನು ತಿನ್ನಲಿಲ್ಲ. ಅದಕ್ಕೆ ಹೊಡೆದರು. ಹೇಳಿ ಬ್ಯಾರಿಗಳೇ."

ಹಸೈನಾರ್ ಹೇಳಿದ. ಅಧಿಕಾರಿ ಕೇಳಿದ್ದನ್ನು ಮತ್ತೆ ಬೋಜನಿಗೆ ಹೇಳಿದ: "ನಿನಗೇ ಯಾಕೆ ಕೊಟ್ಟರು, ಬೇರೆಯವರಿಗೆ ಯಾಕೆ ಕೊಡಲಿಲ್ಲ ಅಂತ ಕೇಳ್ತಿದ್ದಾರೆ."

"ನಾನು ಕೊರಗ."

ಬೆಂಚಿನಲ್ಲಿ ವಿಕ್ಟರ್ ಕಣ್ಣು ಮುಚ್ಚಿಕೊಂಡ. ಹಸೈನಾರ್‌ಗೆ ಎಲ್ಲ ಗೊತ್ತಿತ್ತು. ಬಂಟ್ವಾಳದವನಲ್ಲವೇ.

"ಅದನ್ನು ಇವರಿಗೆ ನಾನು ಹೇಗೆ ಹೇಳ್ಲಿ ತಮ್ಮ?"

"ಕೊರಗ ಅಂತಲೇ ಹೇಳಿ. ಬರೆದುಕೊಳ್ಳಲಿ."

ಹಸೈನಾರ್ ಹೇಳಿದ. ಅಧಿಕಾರಿ ಎರಡು ಸಲ ಕೇಳಿಸಿಕೊಂಡು ಬರೆದುಕೊಂಡ. ಆಮೇಲೆ ಪೆನ್ನಿನ ತುದಿಯಿಂದ ಅನ್ನ ಕೆದಕಿದ. ಒಂದು ಉಗುರು ಬೇರೆಯಾಗಿ ಬಂತು. ಅಕ್ಕಿಯ ನುಚ್ಚಿನಷ್ಟು ಸಣ್ಣದು. ಯಾವುದೋ ಹಬ್ಬಕ್ಕೆ ಹಚ್ಚಿದ ಬಣ್ಣ ಅದರ ಮೇಲೆ ಇನ್ನೂ ಇತ್ತು. ಅಧಿಕಾರಿ ಅದನ್ನೇ ನೋಡುತ್ತ ಕೂತ. ಅವನಿಗೂ ಮಕ್ಕಳಿದ್ದಿರಬೇಕು. ತಲೆಯೆತ್ತಿ ಸಂಕಪ್ಪನನ್ನು ಅರಬಿಯಲ್ಲಿ ಏನೋ ಕೇಳಿದ.

ಸಂಕಪ್ಪನಿಗೆ ಅರಬಿ ಚೆನ್ನಾಗಿ ಬರುತ್ತಿತ್ತು. ಆದರೂ ಹಸೈನಾರ್ ಅದನ್ನು ಕನ್ನಡಕ್ಕೆ ತಿರುಗಿಸಿದ, ಠಾಣೆಯ ಹೊರಗೂ ಕೇಳುವಷ್ಟು ಗಟ್ಟಿಯಾಗಿ.

"ಇದು ಯಾರ ಉಗುರು ಅಂತ ಕೇಳ್ತಿದ್ದಾರೆ, ಸಂಕಪ್ಪಣ್ಣ."